ಕಾಗೆ ಕೂತಿತು, ತಾಳೆಹಣ್ಣು ಬಿತ್ತು!

ಸುಗಟೂರು ಎಲ್ಲಿದೆ ಎಂದು ಕೇಳಿದರೆ ಕೋಲಾರದವರು ಒಂದು ದಿಕ್ಕು ತೋರಿಸುತ್ತಾರೆ, ಶಿಡ್ಲಘಟ್ಟದವರು ಇನ್ನೊಂದು ದಿಕ್ಕು ತೋರಿಸುತ್ತಾರೆ. ಇಬ್ಬರ ಮಾತೂ ಸರಿಯೇ! ಕೋಲಾರ ತಾಲ್ಲೂಕಿನಲ್ಲಿ ಹೋಬಳಿ ಕೇಂದ್ರವಾದ ಸುಗಟೂರು ಇದೆ. ಶಿಡ್ಲಘಟ್ಟ ತಾಲ್ಲೂಕಿನಲ್ಲೂ ಒಂದು ಸುಗಟೂರು ಇದೆ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಇವೆರಡೂ ಕೋಲಾರ ಜಿಲ್ಲೆಯ ಊರುಗಳೇ. 'ಸುಗಟೂರು, ಕೋಲಾರ ಜಿಲ್ಲೆ' ಎಂದಷ್ಟೇ ವಿಳಾಸ ಬರೆದ ಕಾಗದ ಬಂದರೆ ಅಂಚೆಯವರು ಅದನ್ನು ಯಾವ ಊರಿಗೆ ಕಳಿಸಬೇಕು? ಇಂಥ ಗೊಂದಲ ದೇಶದ ತುಂಬ ಇದ್ದದ್ದರಿಂದಲೇ 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ತಂದಿತು.

ಒಂದೇ ಹೆಸರಿನ ಎರಡು ಊರು ಎಂದಾಗ ಮೊದಲು ಅಚ್ಚರಿಯಾಗುತ್ತದೆ. ಸ್ವಲ್ಪ ಯೋಚಿಸಿದರೆ ಆ ಅಚ್ಚರಿ ಇಳಿಯುತ್ತದೆ. ನಮ್ಮ ಹಿರಿಯರು ಊರಿಗೆ ಹೆಸರಿಡುವಾಗ ಬಳಸಿದ್ದು ಕೆಲವೇ ಪದಗಳನ್ನು. ಊರು, ಹಳ್ಳಿ, ಪುರ, ಕೆರೆ, ಕೋಟೆ; ಅದರ ಹಿಂದೆ ಹೊಸ, ಹಳೆ, ದೊಡ್ಡ, ಚಿಕ್ಕ, ಇಲ್ಲವೇ ಒಂದು ದೇವರ ಹೆಸರು. ಗೌರಿಬಿದನೂರು ತಾಲ್ಲೂಕಿನಲ್ಲಿ ಒಂದು ಹೊಸೂರು, ಗಡಿಯಾಚೆ ತಮಿಳುನಾಡಿನಲ್ಲಿ ಇನ್ನೊಂದು ಹೊಸೂರು. ಹೊಸದಾಗಿ ಕಟ್ಟಿದ ಪ್ರತಿ ಊರೂ ಒಂದು ಕಾಲಕ್ಕೆ ಹೊಸೂರೇ ತಾನೆ! ಊರುಗಳು ಸಾವಿರಾರು, ಪದಗಳು ಬೆರಳೆಣಿಕೆಯಷ್ಟು ಎಂದಮೇಲೆ ಹೆಸರುಗಳು ಒಂದಾಗದಿದ್ದರೇ ಆಶ್ಚರ್ಯ.

ದಿನನಿತ್ಯದ ಎಷ್ಟೋ ವಿಸ್ಮಯಗಳು ಹೀಗೆಯೇ. ಮೇಲ್ನೋಟಕ್ಕೆ ಪವಾಡದಂತೆ ಕಂಡರೂ ಒಂದು ಲೆಕ್ಕ ಹಾಕಿದರೆ ಒಳಗುಟ್ಟು ಹೊರಬೀಳುತ್ತದೆ. ಲೆಕ್ಕ ಹಾಕದೆ ಹೋದರೆ ಏನಾಗುತ್ತದೆ ಎನ್ನುವುದೂ ನಮ್ಮ ಮನೆಗಳಲ್ಲೇ ಕಾಣುತ್ತದೆ. ಆ ಕಹಿಯನ್ನು ಕೊನೆಗೆ ನೋಡೋಣ. ಮೊದಲು ಸ್ವಾರಸ್ಯದ ಸಂಗತಿಗಳು.

ಜೂನ್ 6ರ ಇಬ್ಬರು

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಹುಟ್ಟಿದ್ದು ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, 1891ರ ಜೂನ್ 6ರಂದು. ಸಣ್ಣಕಥೆಗೆ ಕನ್ನಡದಲ್ಲಿ ಗಟ್ಟಿ ನೆಲೆ ಕಟ್ಟಿಕೊಟ್ಟ ಅವರಿಗೆ 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 1986ರಲ್ಲಿ. ತಿಂಗಳು ಯಾವುದು, ತಾರೀಖು ಯಾವುದು? ಜೂನ್ 6! ಸರಿಯಾಗಿ 95 ವರ್ಷ ತುಂಬಿದ ದಿನವೇ ಅವರು ಕಣ್ಣುಮುಚ್ಚಿದರು.

ಇಷ್ಟಕ್ಕೇ ನಿಲ್ಲುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಮೇಲೆ ಹೇಳಿದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಆಗ ಅದೂ ಕೋಲಾರ ಜಿಲ್ಲೆಯೇ. ಅವರು ಹುಟ್ಟಿದ ದಿನ 1920ರ ಜೂನ್ 6. ಒಂದೇ ಜಿಲ್ಲೆ, ಒಂದೇ ತಾರೀಖು, ನಾಡು ನೆನೆಯುವ ಇಬ್ಬರು ಹಿರಿಯರು!

ಇದನ್ನು ಕೇಳಿದ ಕೂಡಲೇ 'ಜೂನ್ 6ರಲ್ಲಿ ಏನೋ ಮಹಿಮೆ ಇದೆ' ಎನ್ನುವವರು ಸಿಗುತ್ತಾರೆ. ತಮಾಷೆಯೆಂದರೆ, ಅಂಥ ಮಾತನ್ನು ಒರೆಗೆ ಹಚ್ಚದೆ ಒಪ್ಪಬಾರದೆಂದು ಜೀವನವಿಡೀ ಹೇಳಿದವರು ನರಸಿಂಹಯ್ಯನವರೇ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ರಚಿಸಿ, ಅದರ ಅಧ್ಯಕ್ಷರಾಗಿದ್ದವರು ಅವರು. ಅವರ ಜನ್ಮದಿನವನ್ನೇ ಆ ಒರೆಗಲ್ಲಿಗೆ ಹಚ್ಚಿ ನೋಡಿದರೆ ತಪ್ಪೇನಿಲ್ಲ.

ತರಗತಿಯಲ್ಲೇ ಒಂದು ಪ್ರಯೋಗ

ಒಂದು ತರಗತಿಯಲ್ಲಿ 23 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಂಭವ ಎಷ್ಟು? ವರ್ಷಕ್ಕೆ 365 ದಿನ, ಮಕ್ಕಳು 23. ಹೆಚ್ಚಿನವರು ನೂರಕ್ಕೆ ಐದೋ ಆರೋ ಎನ್ನುತ್ತಾರೆ. ನಿಜವಾದ ಉತ್ತರ ನೂರಕ್ಕೆ 50ಕ್ಕಿಂತ ತುಸು ಹೆಚ್ಚು! ತರಗತಿಯಲ್ಲಿ 30 ಮಕ್ಕಳಿದ್ದರೆ ಅದು ನೂರಕ್ಕೆ 70 ದಾಟುತ್ತದೆ. 40 ಮಕ್ಕಳಿದ್ದರೆ 89. ಐವತ್ತು ಮಕ್ಕಳ ತರಗತಿಯಾದರೆ 97, ಅಂದರೆ ಬಹುತೇಕ ಖಚಿತ.

ಇದು ಹೇಗೆ? ನಮ್ಮ ಮನಸ್ಸು ಎಣಿಸುವುದು ಮಕ್ಕಳನ್ನು; ಎಣಿಸಬೇಕಾದದ್ದು ಜೋಡಿಗಳನ್ನು. ಇಬ್ಬರಿದ್ದರೆ ಒಂದೇ ಜೋಡಿ. ಮೂವರಿದ್ದರೆ ಮೂರು ಜೋಡಿ. ನಾಲ್ವರಾದರೆ ಆರು. ಹೀಗೆ 23 ಮಂದಿಯಲ್ಲಿ 253 ಜೋಡಿಗಳಾಗುತ್ತವೆ. 40 ಮಂದಿಯಲ್ಲಿ 780. ಪ್ರತಿ ಜೋಡಿಗೂ ತಾರೀಖು ಕೂಡಿಬರುವ ಒಂದೊಂದು ಅವಕಾಶ.

ಲೆಕ್ಕ ಬೇಕೆನ್ನುವ ವಿದ್ಯಾರ್ಥಿಗಳು ಹೀಗೆ ಮಾಡಿ ನೋಡಬಹುದು. ಒಬ್ಬೊಬ್ಬರಾಗಿ ತರಗತಿಯೊಳಗೆ ಬರುತ್ತಿದ್ದಾರೆ. ಮೊದಲನೆಯವನಿಗೆ ಯಾವ ತಾರೀಖಾದರೂ ಸರಿ. ಎರಡನೆಯವನ ತಾರೀಖು ಬೇರೆಯಾಗಿರಲು 365ರಲ್ಲಿ 364 ಅವಕಾಶ. ಮೂರನೆಯವನಿಗೆ 363, ನಾಲ್ಕನೆಯವನಿಗೆ 362. ಈ ಭಿನ್ನರಾಶಿಗಳನ್ನು ಒಂದಕ್ಕೊಂದು ಗುಣಿಸುತ್ತ ಹೋದರೆ 23ನೆಯವನು ಬರುವ ಹೊತ್ತಿಗೆ ಉತ್ತರ ಅರ್ಧಕ್ಕಿಂತ ಕೆಳಗಿಳಿದು 0.493 ಆಗುತ್ತದೆ. ಅದು ಯಾರ ತಾರೀಖೂ ಕೂಡದಿರುವ ಸಂಭವ. ಉಳಿದದ್ದು, ಅಂದರೆ 0.507, ಯಾವುದಾದರೂ ಒಂದು ಜೋಡಿ ಕೂಡುವ ಸಂಭವ.

ಇಲ್ಲಿ ಒಂದು ಸೂಕ್ಷ್ಮವಿದೆ. 'ಯಾರಾದರೂ ಇಬ್ಬರು' ಎನ್ನುವುದೇ ಬೇರೆ, 'ನನ್ನ ತಾರೀಖಿಗೆ ಸೇರುವ ಇನ್ನೊಬ್ಬರು' ಎನ್ನುವುದೇ ಬೇರೆ. 40 ಮಂದಿಯ ತರಗತಿಯಲ್ಲಿ ನಿಮ್ಮದೇ ತಾರೀಖಿನ ಇನ್ನೊಬ್ಬರು ಸಿಗುವ ಸಂಭವ ನೂರಕ್ಕೆ ಹತ್ತು ಮಾತ್ರ. ಅದು ಅರ್ಧಕ್ಕೆ ಏರಬೇಕಾದರೆ ನಿಮ್ಮನ್ನು ಬಿಟ್ಟು 253 ಮಂದಿ ಬೇಕು. ವಿಸ್ಮಯದ ಗುಟ್ಟು ಇಲ್ಲಿಯೇ ಇರುವುದು. ಇಂಥದ್ದೇ ಆಗಬೇಕು ಎಂದು ಮೊದಲೇ ಹೇಳಿ ಕಾದು ಕುಳಿತರೆ ಅದು ಅಪರೂಪ. ಏನಾದರೂ ಒಂದು ಕೂಡಿಬರಲಿ ಎಂದರೆ ಅದು ಸಾಮಾನ್ಯ.

ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯನ್ನೇ ತೆಗೆದುಕೊಳ್ಳಿ. ಕುವೆಂಪು ಡಿಸೆಂಬರ್ 29, ಬೇಂದ್ರೆ ಜನವರಿ 31, ಕಾರಂತ ಅಕ್ಟೋಬರ್ 10, ಮಾಸ್ತಿ ಜೂನ್ 6, ಗೋಕಾಕ ಆಗಸ್ಟ್ 9, ಅನಂತಮೂರ್ತಿ ಡಿಸೆಂಬರ್ 21, ಕಾರ್ನಾಡ ಮೇ 19, ಕಂಬಾರ ಜನವರಿ 2. ಯಾವ ಇಬ್ಬರದೂ ಕೂಡಲಿಲ್ಲ. ಕೂಡುತ್ತದೆಂದು ನಿರೀಕ್ಷಿಸುವಂತೆಯೂ ಇರಲಿಲ್ಲ. ಎಂಟು ಮಂದಿಯಲ್ಲಿ ಅದರ ಸಂಭವ ನೂರಕ್ಕೆ ಏಳರಷ್ಟು. ಇವರ ಜೊತೆಗೆ ಕೋಲಾರ ನೆಲದ ಸರ್ ಎಂ. ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15), ಮುಳಬಾಗಿಲಿನ ಡಿ.ವಿ. ಗುಂಡಪ್ಪ (ಮಾರ್ಚ್ 17), ಎಚ್. ನರಸಿಂಹಯ್ಯ (ಜೂನ್ 6), ಈ ಮೂವರನ್ನು ಸೇರಿಸಿ. ಈಗ ಹನ್ನೊಂದು ಮಂದಿ, 55 ಜೋಡಿ. ಒಂದು ಜೋಡಿ ಕೂಡಿಬಂತು! ಆದರೆ ನರಸಿಂಹಯ್ಯನವರನ್ನು ಪಟ್ಟಿಗೆ ಸೇರಿಸಿದ್ದು ತಾರೀಖು ಕೂಡುತ್ತದೆಂದು ಗೊತ್ತಾದ ಮೇಲೆ ಎನ್ನುವುದನ್ನು ಮರೆಯಬಾರದು. ಕೂಡದ ಎಷ್ಟೋ ಹಿರಿಯರ ಹೆಸರನ್ನು ಪಟ್ಟಿ ಬಿಟ್ಟಿದೆ. ವಿಸ್ಮಯದ ಪಟ್ಟಿಗಳೆಲ್ಲ ಹೀಗೆಯೇ ತಯಾರಾಗುವುದು.

ಹುಟ್ಟಿದ ದಿನವೇ ಸಾವು ಬರುವುದೂ ಅಷ್ಟೇ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಡಾ. ಬಿ.ಸಿ. ರಾಯ್ 1882ರ ಜುಲೈ 1ರಂದು ಹುಟ್ಟಿ 1962ರ ಜುಲೈ 1ರಂದು ತೀರಿಕೊಂಡರು. ಆ ದಿನವೇ ನಮ್ಮಲ್ಲಿ ವೈದ್ಯರ ದಿನ. ಚಿತ್ರನಟಿ ಇಂಗ್ರಿಡ್ ಬರ್ಗ್‌ಮನ್ ಹುಟ್ಟಿದ್ದು 1915ರ ಆಗಸ್ಟ್ 29, ತೀರಿಕೊಂಡದ್ದು 1982ರ ಆಗಸ್ಟ್ 29. ಒಬ್ಬರ ಮಟ್ಟಿಗೆ ಇದು 365ರಲ್ಲಿ ಒಂದು ಅವಕಾಶ. ಆದರೆ ಒಂದು ಲಕ್ಷ ಸಾವುಗಳಲ್ಲಿ ಸುಮಾರು 274 ಮಂದಿಗೆ ಹೀಗಾಗಲೇಬೇಕು. ಅವರಲ್ಲಿ ಒಬ್ಬರೋ ಇಬ್ಬರೋ ಹೆಸರಾದವರಾಗಿದ್ದರೆ ನಾವು ನೆನಪಿಡುತ್ತೇವೆ. ಉಳಿದವರ ವಿಷಯ ಅವರವರ ಮನೆಯವರಿಗಷ್ಟೇ ಗೊತ್ತು.

ಜೂನ್ 1ರ ಒಗಟು

ಕೆಲವು ಸಲ ತಾರೀಖುಗಳು ಆಕಸ್ಮಿಕವಾಗಿ ಕೂಡುವುದೇ ಇಲ್ಲ. ಹಿಂದೆ ಒಂದು ಕಾರಣ ಅಡಗಿರುತ್ತದೆ. ನಿಮ್ಮ ಮನೆಯ ಹಿರಿಯರ, ನೆಂಟರ ಶಾಲಾ ದಾಖಲೆಗಳನ್ನು ತೆಗೆದು ನೋಡಿ. ಹುಟ್ಟಿದ ತಾರೀಖು ಜೂನ್ 1 ಎಂದಿರುವವರು ಎಷ್ಟೊಂದು ಜನ! ಹಳ್ಳಿಗಳಲ್ಲಿ ಮಳೆಗಾಲ ಹತ್ತಿರವಾದಾಗಲೇ ಹೆಚ್ಚು ಮಕ್ಕಳು ಹುಟ್ಟುತ್ತಿದ್ದರೇ?

ಇಲ್ಲ. ಆಗ ಮಗು ಮನೆಯಲ್ಲೇ ಹುಟ್ಟುತ್ತಿತ್ತು. 'ದೊಡ್ಡ ಮಳೆ ಬಂದು ಕೆರೆ ಕೋಡಿ ಹೋದ ವರ್ಷ', 'ಜಾತ್ರೆಯಾದ ಮೂರನೇ ದಿನ' ಎಂದು ತಾಯಿಗೆ ನೆನಪಿರುತ್ತಿತ್ತೇ ಹೊರತು ತಾರೀಖು ಬರೆದಿಟ್ಟವರಿರಲಿಲ್ಲ. ಮಗುವನ್ನು ಶಾಲೆಗೆ ಕರೆತಂದಾಗ ಹೆಡ್‌ಮಾಸ್ತರರು ಒಮ್ಮೆ ಮುಖ ನೋಡಿ, ಶಾಲೆ ಶುರುವಾಗುವ ಜೂನ್ ತಿಂಗಳಿಗೆ ವಯಸ್ಸು ಸರಿಹೊಂದುವಂತೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಮಾಸ್ತರರು ಕೊಟ್ಟ ಆ ತಾರೀಖೇ ಮುಂದೆ ಕೆಲಸಕ್ಕೆ, ಬಡ್ತಿಗೆ, ಪಿಂಚಣಿಗೆ ಆಧಾರ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುವುದು ನಿಯಮ. ಹಾಗಾಗಿ ಜೂನ್ 1ರವರಿಗೆಲ್ಲ ಹಾರ ಬೀಳುವುದು ಮೇ 31ರಂದು! ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಆಸ್ಪತ್ರೆಯ ಹೆರಿಗೆ, ಜನನ ಪ್ರಮಾಣಪತ್ರ ಹೆಚ್ಚಿದಂತೆ ಈ 'ವಿಸ್ಮಯ'ವೂ ತಾನಾಗಿ ಕಡಿಮೆಯಾಯಿತು.

ಹತ್ತೊಂಬತ್ತು ವರ್ಷದ ಸುತ್ತು

ಇನ್ನೊಂದು ಅಡಗಿದ ಕಾರಣ ಆಕಾಶದಲ್ಲೇ ಇದೆ. 2005ರಲ್ಲಿ ಗಣೇಶ ಚೌತಿ ಬಂದದ್ದು ಸೆಪ್ಟೆಂಬರ್ 7ರಂದು. 2024ರಲ್ಲೂ ಸೆಪ್ಟೆಂಬರ್ 7. 2006ರಲ್ಲಿ ಆಗಸ್ಟ್ 27. 2025ರಲ್ಲೂ ಆಗಸ್ಟ್ 27. ನಡುವಿನ ಅಂತರ ಎರಡು ಸಲವೂ 19 ವರ್ಷ!

ಚಾಂದ್ರಮಾನದ ಒಂದು ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನವಾಗುತ್ತದೆ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಬ್ಬಗಳು ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುವುದು, ಆಮೇಲೆ ಅಧಿಕ ಮಾಸ ಬಂದು ಮುಂದಕ್ಕೆ ಹಾರುವುದು ಇದರಿಂದಲೇ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಸೇರಿಸಿದರೆ ಒಟ್ಟು 235 ಚಾಂದ್ರಮಾಸ. ಅದಕ್ಕೆ 6,939.7 ದಿನ. ಸೂರ್ಯನ 19 ವರ್ಷಕ್ಕೆ 6,939.6 ದಿನ. ವ್ಯತ್ಯಾಸ ಎರಡು ಮೂರು ಗಂಟೆ ಮಾತ್ರ! ಗ್ರೀಸ್ ದೇಶದ ಮೆಟಾನ್ ಎಂಬವನ ಹೆಸರಿನಲ್ಲಿ ಈ ಸುತ್ತು ಜಗತ್ತಿಗೆ ಪರಿಚಿತ.

ಇದರಿಂದ ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಹೊಳೆಯುತ್ತದೆ. ಹುಟ್ಟಿದ ತಾರೀಖೂ ಹುಟ್ಟಿದ ತಿಥಿಯೂ 19ನೇ ಹುಟ್ಟುಹಬ್ಬಕ್ಕೆ ಮತ್ತೆ ಒಟ್ಟಿಗೆ ಬರುತ್ತವೆ. ಬಹುಮಟ್ಟಿಗೆ ಅದೇ ದಿನ, ಕೆಲವೊಮ್ಮೆ ಒಂದು ದಿನದ ಹೆಚ್ಚುಕಡಿಮೆ. ಆಮೇಲೆ 38, 57, 76ಕ್ಕೆ. ಕಾಲೇಜು ಓದುವ ಮಗಳಿಗೆ 19 ತುಂಬುವಾಗ, ಅಜ್ಜಿಗೆ 76 ತುಂಬುವಾಗ ಪಂಚಾಂಗ ತೆರೆದು ನೋಡಿ. ಈ ಲೆಕ್ಕ ಗೊತ್ತಿಲ್ಲದವರ ಮುಂದೆ ಯಾರಾದರೂ ಬಂದು 'ಈ ವರ್ಷ ನಿಮ್ಮ ತಾರೀಖು, ತಿಥಿ ಕೂಡಿದೆ, ಬಹಳ ಅಪರೂಪದ ಯೋಗ, ಶಾಂತಿ ಮಾಡಿಸಬೇಕು' ಎಂದರೆ ಅವರು ಹಣ ಕೊಡದೆ ಇರುತ್ತಾರೆಯೇ?

ಎಣ್ಣೆ ಹಚ್ಚಿದ ಕಥೆಗಳು

ಅಮೆರಿಕದ ಅಧ್ಯಕ್ಷರಾದ ಲಿಂಕನ್ ಮತ್ತು ಕೆನೆಡಿ ಅವರ ಕಥೆ ಕೇಳದ ವಿದ್ಯಾರ್ಥಿ ವಿರಳ. ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದದ್ದು 1860, ಕೆನೆಡಿ 1960. ಇಬ್ಬರಿಗೂ ಗುಂಡೇಟು ಬಿದ್ದದ್ದು ಶುಕ್ರವಾರ. ಇಬ್ಬರ ನಂತರ ಬಂದವರೂ ಜಾನ್ಸನ್. ಒಬ್ಬರು ಹುಟ್ಟಿದ್ದು 1808, ಇನ್ನೊಬ್ಬರು 1908. ಇಷ್ಟೂ ನಿಜ. ಆದರೆ 'ಕೆನೆಡಿಗೆ ಲಿಂಕನ್ ಎಂಬ ಕಾರ್ಯದರ್ಶಿ, ಲಿಂಕನ್‌ಗೆ ಕೆನೆಡಿ ಎಂಬ ಕಾರ್ಯದರ್ಶಿ' ಎಂಬ ಮಾತಿನ ಮೊದಲರ್ಧ ಮಾತ್ರ ನಿಜ. ಲಿಂಕನ್ ಅವರ ಕಾರ್ಯದರ್ಶಿಗಳಾಗಿದ್ದವರು ನಿಕೊಲೆ ಮತ್ತು ಹೇ. ಕಥೆಗೆ ರುಚಿ ಬರಲೆಂದು ಯಾರೋ ಒಗ್ಗರಣೆ ಹಾಕಿದ್ದಾರೆ!

ಅಲ್ಲಿ ಅಧ್ಯಕ್ಷರ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ನೂರನ್ನು ನಾಲ್ಕು ಭಾಗಿಸುತ್ತದೆ. ಆದ್ದರಿಂದ 1860 ಚುನಾವಣೆಯ ವರ್ಷವಾದರೆ 1960 ಕೂಡ ಚುನಾವಣೆಯ ವರ್ಷವೇ. ಇನ್ನು ಇಬ್ಬರೂ ಹುಟ್ಟಿದ ವರ್ಷ? 1809 ಮತ್ತು 1917. ತೀರಿಕೊಂಡಾಗಿನ ವಯಸ್ಸು? 56 ಮತ್ತು 46. ಇವು ಕೂಡುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿಲ್ಲ.

ಇದೇ ತಂತ್ರವನ್ನು ದುಡ್ಡಿಗೆ ಬಳಸುವವರೂ ಇದ್ದಾರೆ. ಒಬ್ಬ 1,024 ಮಂದಿಯ ಫೋನಿಗೆ ಸಂದೇಶ ಕಳಿಸುತ್ತಾನೆ. ಅರ್ಧ ಜನಕ್ಕೆ 'ನಾಳಿನ ಪಂದ್ಯ ಈ ತಂಡ ಗೆಲ್ಲುತ್ತದೆ' ಎಂದು, ಉಳಿದರ್ಧಕ್ಕೆ 'ಆ ತಂಡ ಗೆಲ್ಲುತ್ತದೆ' ಎಂದು. ಮರುದಿನ ಭವಿಷ್ಯ ನಿಜವಾದ 512 ಮಂದಿಗೆ ಮಾತ್ರ ಮುಂದಿನ ಸಂದೇಶ, ಮತ್ತೆ ಅರ್ಧರ್ಧ. ಐದು ಪಂದ್ಯ ಮುಗಿಯುವ ಹೊತ್ತಿಗೆ 32 ಮಂದಿ ಉಳಿಯುತ್ತಾರೆ. ಅವರ ಪಾಲಿಗೆ ಆತ ಐದಕ್ಕೆ ಐದೂ ಸರಿಯಾಗಿ ಹೇಳಿದ ಮಹಾಜ್ಞಾನಿ! ಆರನೆಯ ಸಂದೇಶಕ್ಕೆ ಅವನು ಹಣ ಕೇಳುತ್ತಾನೆ. ತಪ್ಪು ಭವಿಷ್ಯ ಕೇಳಿದ 992 ಮಂದಿ ಇದ್ದರೆಂಬುದು ಆ 32 ಮಂದಿಗೆ ತಿಳಿಯುವುದೇ ಇಲ್ಲ. ಪರೀಕ್ಷೆಯ ಕಾಲದಲ್ಲಿ 'ಬರುವ ಪ್ರಶ್ನೆಗಳು ಇವೇ' ಎಂದು ಮಾರುವ ಹಾಳೆಗಳನ್ನೂ ಪೋಷಕರು ಇದೇ ಕಣ್ಣಿನಿಂದ ನೋಡಬೇಕು. ನೂರು ಪ್ರಶ್ನೆ ಬರೆದವನ ಪಟ್ಟಿಯಲ್ಲಿ ಹತ್ತು ಬಂದರೆ ಅದು ದಿವ್ಯದೃಷ್ಟಿಯಲ್ಲ.

ಕಾಲ್ಗುಣದ ಕಹಿ

ಆಕಸ್ಮಿಕವಾಗಿ ಎರಡು ಸಂಗತಿ ಕೂಡಿಬರುವುದಕ್ಕೆ ನಮ್ಮಲ್ಲಿ ಸೊಗಸಾದ ಮಾತೇ ಇದೆ: ಕಾಕತಾಳೀಯ. ಕಾಕ ಎಂದರೆ ಕಾಗೆ, ತಾಳ ಎಂದರೆ ತಾಳೆಮರ. ಕಾಗೆ ಬಂದು ಮರದ ಮೇಲೆ ಕೂತಿತು, ಅದೇ ಗಳಿಗೆಗೆ ಮಾಗಿದ ಹಣ್ಣು ಬಿತ್ತು. ಕಾಗೆಯ ಭಾರಕ್ಕೆ ಹಣ್ಣು ಬಿತ್ತೆಂದು ನೋಡಿದವರು ಅಂದುಕೊಂಡರು. ಹಣ್ಣು ಬಿದ್ದದ್ದು ಮಾಗಿದ್ದರಿಂದ; ಕಾಗೆ ಕೂತಿದ್ದು ತನ್ನ ಪಾಡಿಗೆ. ಇಷ್ಟು ತಿಳಿವಳಿಕೆ ಒಂದೇ ಪದದಲ್ಲಿ ತುಂಬಿಟ್ಟ ಜನ ನಾವು. ಆದರೂ ಮನೆಯಲ್ಲಿ ಆ ತಿಳಿವಳಿಕೆ ಮರೆತುಹೋಗುತ್ತದೆ.

ಹೊಸ ಸೊಸೆ ಮನೆಗೆ ಬಂದ ವರ್ಷ ಮಾವ ತೀರಿಕೊಂಡರೆ 'ಇವಳ ಕಾಲ್ಗುಣ' ಎನ್ನುತ್ತಾರೆ. ವಯಸ್ಸಾದ ಮೂರು ನಾಲ್ಕು ಹಿರಿಯರಿರುವ ಮನೆಯಲ್ಲಿ ಮದುವೆಯಾದ ಕೆಲವೇ ವರ್ಷಗಳಲ್ಲಿ ಒಂದು ಸಾವು ಆಗುವುದು ವಿಶೇಷವೇನಲ್ಲ. ಹಣ್ಣು ಮಾಗಿತ್ತು, ಆದರೆ ಬೈಗುಳ ಕಾಗೆಗೆ. ಸೊಸೆ ಬಂದ ಮೇಲೆ ಬೆಳೆ ಚೆನ್ನಾಗಿ ಬಂದ ಮನೆಗಳನ್ನೂ, ಏನೂ ಆಗದ ಮನೆಗಳನ್ನೂ ಯಾರೂ ಎಣಿಸಿ ಹೇಳುವುದಿಲ್ಲ.

ಮೂಲಾ ನಕ್ಷತ್ರದ ಮಾತೂ ಹೀಗೆಯೇ. ಆ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗದೆಂದು ಎಷ್ಟು ಸಂಬಂಧಗಳು ತಪ್ಪಿಲ್ಲ! ಚಂದ್ರ 27 ನಕ್ಷತ್ರಗಳನ್ನು ಒಂದು ಸುತ್ತು ಹಾಕಲು ಸುಮಾರು 27 ದಿನ ಬೇಕು. ಒಂದೊಂದರಲ್ಲಿ ಒಂದು ದಿನದಷ್ಟು ಇರುತ್ತಾನೆ. ಅಂದರೆ 27 ಮಕ್ಕಳಲ್ಲಿ ಒಂದು ಮಗುವಿನದು ಮೂಲಾ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷ 36 ಸಾವಿರ. ಅದನ್ನು 27ರಿಂದ ಭಾಗಿಸಿದರೆ ಸುಮಾರು 57 ಸಾವಿರ. ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಇದೊಂದೇ ಜಿಲ್ಲೆಯಲ್ಲಿ 28 ಸಾವಿರ ಹೆಣ್ಣುಮಕ್ಕಳು ತಮ್ಮ ಮಾವಂದಿರಿಗೆ ಕಂಟಕರೇ? ಲೆಕ್ಕವನ್ನು ಬರೆದು ಮುಂದಿಟ್ಟರೆ ಸಾಕು, ಮಾತಿನ ಟೊಳ್ಳು ತಾನೇ ಕಾಣುತ್ತದೆ.

ಮಕ್ಕಳ ಮಟ್ಟಿಗೆ ಇದರ ಚಿಕ್ಕ ರೂಪ 'ಅದೃಷ್ಟದ ಪೆನ್ನು'. ಆ ಪೆನ್ನಿನಲ್ಲಿ ಬರೆದ ಪರೀಕ್ಷೆಗೆ ಒಳ್ಳೆಯ ಅಂಕ ಬಂತೆಂದು ಅದನ್ನೇ ಜೋಪಾನ ಮಾಡುವ ಹುಡುಗ, ಮುಂದಿನ ಪರೀಕ್ಷೆಯ ಬೆಳಿಗ್ಗೆ ಅದು ಕಳೆದುಹೋದರೆ ಕಂಗಾಲಾಗುತ್ತಾನೆ. ಓದಿದ್ದು ಅವನು, ಬರೆದದ್ದು ಅವನು. ಹೆಸರು ಮಾತ್ರ ಪೆನ್ನಿಗೆ. ತನ್ನ ಶ್ರಮದ ಮೇಲಿನ ನಂಬಿಕೆಯನ್ನೇ ಅವನು ಹಾಗೆ ಕಳೆದುಕೊಳ್ಳುತ್ತಾನೆ. ತಾಯಿ ತಂದೆಯರು ಆ ಹೊತ್ತಿಗೆ ಹೊಸ ತಾಯಿತ ಕಟ್ಟುವುದಕ್ಕಿಂತ ಎರಡು ಪೆನ್ನು ಕೊಟ್ಟು ಕಳಿಸುವುದು ವಾಸಿ.

ಕೇಳಬೇಕಾದ ಮೂರು ಪ್ರಶ್ನೆ

ಹಾಗಾದರೆ ಅಚ್ಚರಿಪಡಲೇಬಾರದೇ? ಖಂಡಿತ ಪಡಬೇಕು. ಮಾಸ್ತಿಯವರ ಜೂನ್ 6, ಹತ್ತೊಂಬತ್ತು ವರ್ಷದ ಸುತ್ತು, ಇವು ಎಷ್ಟು ಸಲ ಕೇಳಿದರೂ ಸೊಗಸೇ. ಆದರೆ ಅಚ್ಚರಿಯಿಂದ ತೀರ್ಮಾನಕ್ಕೆ ಹಾರುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಇದು ಕೂಡಿಬರಲು ಒಟ್ಟು ಎಷ್ಟು ಅವಕಾಶಗಳಿದ್ದವು? ಇದರ ಹಿಂದೆ ಶಾಲೆಯ ದಾಖಲೆಯಂಥದೋ ಚಂದ್ರನ ಗತಿಯಂಥದೋ ಕಾರಣ ಅಡಗಿದೆಯೇ? ಕೂಡದೆ ಹೋದವುಗಳನ್ನು ಯಾರಾದರೂ ಎಣಿಸಿದ್ದಾರೆಯೇ?

ಈ ಪ್ರಶ್ನೆಗಳಿಗೆ ದೊಡ್ಡ ಪ್ರಯೋಗಾಲಯ ಬೇಡ. ಸುಗಟೂರಿನಂಥ ಊರಿನ ಯಾವ ಶಾಲೆಯಲ್ಲಾದರೂ ಒಂದು ದಾಖಲಾತಿ ಪುಸ್ತಕ, ಒಂದು ಪಂಚಾಂಗ, ಒಂದು ಸೀಮೆಸುಣ್ಣ ಇದ್ದರೆ ಸಾಕು. ಜೂನ್ 6 ಬರುವುದು ಶಾಲೆ ತೆರೆದ ಹೊಸದರಲ್ಲಿ; ಮಕ್ಕಳು ಇನ್ನೂ ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುತ್ತಿರುವ ದಿನಗಳು. ಅಂದು ಹಲಗೆಯ ಮೇಲೆ ಮಾಸ್ತಿ, ನರಸಿಂಹಯ್ಯ ಎಂದು ಎರಡು ಹೆಸರು ಬರೆದು, ತರಗತಿಯಲ್ಲಿ ತಾರೀಖು ಕೂಡುವ ಇನ್ನೊಂದು ಜೋಡಿಯನ್ನು ಹುಡುಕಿರೆಂದು ಮೇಷ್ಟ್ರು ಹೇಳಲಿ. ನಲವತ್ತು ಮಕ್ಕಳಿದ್ದರೆ ಹತ್ತಕ್ಕೆ ಒಂಬತ್ತು ಸಲ ಜೋಡಿ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ, ಆ ಹತ್ತನೆಯ ತರಗತಿ ಅವರದೇ!